ಗೋಡೆಗೆ ನಿಲ್ಲಿಸಿದ ಗುಡ್ಡ

ತೋಟದ ಲೆಕ್ಕ ಬರೆಯುವ ರೈಟರ್ ದೇವರಾಜರು ಮಸ್ಟರ್, ಅಂದರೆ ಹಾಜರಿ, ತೆಗೆದುಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ, ಜಾಗ ನೋಡುತ್ತಿದ್ದರು. ಬಾಳೂರಿನಿಂದ ಮೇಲಕ್ಕೆ ನಮ್ಮ ಕಾಫಿ ತೋಟ. ಬೆಳಿಗ್ಗೆ ಕೆಲಸದವರೆಲ್ಲ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಮುಂದಿನ ಕಣದಲ್ಲಿ ಸಾಲಾಗಿ ನಿಲ್ಲಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಬರೆದಿಟ್ಟದ್ದಲ್ಲ. ಆದರೂ ಮೊದಲ ದಿನ ನಿಂತ ಜಾಗದಲ್ಲೇ ಮದುವೆಯಾಗಿ, ಮಕ್ಕಳಾಗಿ, ತಲೆ ಬೆಳ್ಳಗಾಗುವವರೆಗೂ ನಿಲ್ಲುತ್ತಿದ್ದೆವು. ನನ್ನದು ಎರಡನೇ ಸಾಲು, ನಲ್ಲಿಯ ಪಕ್ಕ. ಜಾಗ ತುಂಬಿದ್ದರೆ ಹೆಸರಿನ ಮುಂದೆ ಒಂದು ಗೆರೆ, ಖಾಲಿ ಇದ್ದರೆ ಸೊನ್ನೆ. ಇಪ್ಪತ್ತೇಳು ವರ್ಷ ಅವರು ಹೀಗೆಯೇ ಹಾಜರಿ ಹಾಕಿದರು.

ಒಂದು ಸಲ ಅಕ್ಕತಂಗಿಯರಿಬ್ಬರು ತಮಾಷೆಗೆ ಜಾಗ ಬದಲಿಸಿಕೊಂಡರು. ಮಾರನೇ ದಿನ ತಂಗಿ ಬರಲಿಲ್ಲ. ಅಕ್ಕ ತಂಗಿಯ ಜಾಗದಲ್ಲೇ ನಿಂತಿದ್ದಳು. ಅಕ್ಕನ ಹೆಸರಿಗೆ ಸೊನ್ನೆ ಬಿತ್ತು.

“ರೈಟ್ರೇ, ನಾನು ಇಲ್ಲೇ ಇದೀನಲ್ಲ” ಎಂದು ಅವಳು ಎದುರಿಗೇ ಬಂದು ನಿಂತಳು.

“ನಿನ್ನ ಜಾಗದಲ್ಲಿ ನೀನಿಲ್ಲ ಮಾರಾಯ್ತಿ. ನಾನೆಂತ ಮಾಡ್ಲಿ?”

ಕಣವೆಲ್ಲ ನಕ್ಕಿತು. ಅವರೂ ನಕ್ಕು ಸೊನ್ನೆಯ ಮೇಲೆ ಗೆರೆ ಎಳೆದರು. ಆದರೆ ಅಂದಿನಿಂದ ಮುಖ ನೋಡಲು ಶುರು ಮಾಡಿದರು ಎಂದೇನೂ ಅಲ್ಲ. ಅಭ್ಯಾಸ ಅನ್ನುವುದು ಹಾಗೆ ಬಿಡುವುದಿಲ್ಲ.

ಅವರು ಬಣಕಲ್ ಕಡೆಯ ಸಣ್ಣ ಹಿಡುವಳಿದಾರರ ಮನೆಯವರು. ಇದ್ದ ಕಾಫಿ ಅಣ್ಣನ ಪಾಲಿಗೆ ಹೋಯಿತು, ಇವರು ಎಸ್ಸೆಸ್ಸೆಲ್ಸಿ ಮುಗಿಸಿ ರೈಟರ್ ಕೆಲಸಕ್ಕೆ ಬಂದರು. ತೋಳಿಲ್ಲದ ಬೂದಿ ಬಣ್ಣದ ಸ್ವೆಟರು, ಜೇಬಿನಲ್ಲಿ ಎರಡು ಪೆನ್ನು. ಗುಡ್ಡದ ಯಾವ ತಿರುವಿನಲ್ಲಿ ಯಾವ ಕಲ್ಲು ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ದಾಟಿದ ಗೇಟನ್ನು ಮುಚ್ಚದೆ ಮುಂದೆ ಹೋದವರಲ್ಲ. ಕೆಲಸದವರ ಮೇಲೆ ಕೂಗಾಡಿದವರೂ ಅಲ್ಲ.

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ ಮಸ್ಟರ್ ಮುಗಿದ ಮೇಲೆ, ಮೇಲಿನ ಗೇಟು ಹಾಕಿದೆಯೋ ಇಲ್ಲವೋ ನೋಡಿ ಬಾ ಎಂದು ಕೆಲಸದ ಕೆಂಪಯ್ಯನನ್ನು ಕಳಿಸಿದವರು ಅವರೇ. ಗೇಟಿನ ಹತ್ತಿರ ಒಂಟಿ ಸಲಗ ನಿಂತಿತ್ತು. ಕೆಂಪಯ್ಯನನ್ನು ಗೋಣಿಯಲ್ಲಿ ಕಟ್ಟಿ ಕೆಳಗೆ ತಂದರು. ಅಷ್ಟರಲ್ಲಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಹಾಜರಿಯ ಗೆರೆ ಬಿದ್ದಾಗಿತ್ತು. ದೇವರಾಜರು ಆ ಪುಟ ತೆರೆದುಕೊಂಡು ಎಷ್ಟೋ ಹೊತ್ತು ಕೂತಿದ್ದರು. ಗೆರೆಯನ್ನು ಹೊಡೆದು ಹಾಕಲೂ ಅವರಿಗೆ ಮನಸ್ಸು ಬರಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ.

ಮೂರನೇ ದಿನ ಕೆಲಸದವರ ಲೈನ್ ಮನೆಗೆ ಹೋದರು. ಕೆಂಪಯ್ಯನ ತಮ್ಮ ಚಿಕ್ಕಯ್ಯ ಹೊಸ್ತಿಲ ಮೇಲೆ ಕೂತಿದ್ದ. ಚಿಕ್ಕಯ್ಯ ಕಾಫಿ ಕುಯ್ಲಿನ ಹೆಂಗಸರ ಗ್ಯಾಂಗಿಗೆ ಮೇಸ್ತ್ರಿ.

“ಚಿಕ್ಕಯ್ಯ, ಇನ್ಮೇಲೆ ನಾನು ನೋಡಿ ಹೇಳೋ ತನಕ ನಿನ್ನ ಗ್ಯಾಂಗು ಲೈನ್ ಬಿಟ್ಟು ಹೊರಡೋದು ಬೇಡ.”

“ಆಯ್ತು ರೈಟ್ರೇ” ಎಂದ ಚಿಕ್ಕಯ್ಯ.

ಆ ಒಂದು ಮಾತಿಗೆ ದೇವರಾಜರು ತಮ್ಮನ್ನು ತಾವೇ ಕಟ್ಟಿಹಾಕಿಕೊಂಡರು. ಕೆಲವು ತಿಂಗಳು ಬೆಳಗಾಗುವ ಮೊದಲೇ ಎದ್ದು, ಟಾರ್ಚು ಹಿಡಿದು, ಲದ್ದಿ ಬಿದ್ದಿದೆಯೋ, ಬಾಳೆ ಮುರಿದಿದೆಯೋ ಎಂದು ಎರಡು ದಾರಿಯನ್ನೂ ನೋಡಿ ಬರುತ್ತಿದ್ದರು. ಗ್ಯಾಂಗು ಈಗ ಮಸ್ಟರಿಗೆ ಕಣಕ್ಕೆ ಬರದೆ ಲೈನಿನಿಂದಲೇ ಹೊರಡುತ್ತಿತ್ತು. ಲೈನಿನಿಂದ ಕುಯ್ಲಿನ ಜಾಗಕ್ಕೆ ಹೋಗಲು ಇರುವುದು ಎರಡೇ ದಾರಿ. ಮೇಲೆ ಗುಡ್ಡದ ದಾರಿ, ಕೆಳಗೆ ಹೊಳೆ ದಾರಿ. ಒಂದರಲ್ಲಿ ಆನೆ ಇದ್ದರೆ ಇನ್ನೊಂದರಲ್ಲಿ ಹೋಗಬೇಕು.

ಆಮೇಲೆ ಇವೇ ದಾರಿಗಳಲ್ಲಿ ಓಡಾಡುವ ಸುತ್ತಿನ ಏಳು ತೋಟದವರು ಸೇರಿ, ಆನೆ ನೋಡಲು ಅಲ್ಲಿ ಎಂಟು ಕಡೆ ಕ್ಯಾಮೆರಾ ಹಾಕಿಸಿದರು. ನಮ್ಮ ತೋಟದ ಹಳೇ ಆಫೀಸಿನಲ್ಲಿ ಒಂದು ರೂಮು ಮಾಡಿ ಕಂಪ್ಯೂಟರ್ ಇಟ್ಟರು. ಜನ ಅದಕ್ಕೆ ಆನೆ ರೂಮು ಎಂದರು. ನಮ್ಮ ಮಾಲೀಕರು ಚಂದ್ರಶೇಖರಪ್ಪನವರು ದೇವರಾಜರನ್ನು ಕರೆದು, “ನೀನೇ ಕೂತ್ಕೋ. ಗುಡ್ಡ ನಿಂಗೆ ಗೊತ್ತು” ಎಂದರು.

“ಸಾರ್, ನಂಗೆ ಟೈಪ್ ಮಾಡೋಕೆ ಬರೋದೇ ಒಂದು ಬೆರಳಲ್ಲಿ.”

“ಆನೆ ಏನು ನಿನ್ನ ಟೈಪಿಂಗ್ ಪರೀಕ್ಷೆ ಮಾಡುತ್ತಾ ಮಾರಾಯ? ಕೂತ್ಕೋ.”

ಆ ವರ್ಷ ನನ್ನ ಮೊಣಕಾಲು ಕೈಕೊಟ್ಟು ಕುಯ್ಲಿಗೆ ಹೋಗುವುದು ನಿಂತಿತ್ತು. ಆನೆ ರೂಮು ಗುಡಿಸಿ, ಕಾಫಿ ಕಾಸಿಕೊಡುವ ಕೆಲಸ ನನಗೆ ಸಿಕ್ಕಿತು. ಹಾಗಾಗಿ ಮುಂದಿನದನ್ನೆಲ್ಲ ನಾನು ಪಕ್ಕದಲ್ಲೇ ಇದ್ದು ನೋಡಿದೆ.

ಕಂಪ್ಯೂಟರ್ ಜೋಡಿಸಿದವಳು ಆಲ್ದೂರಿನಲ್ಲಿ ಅಂಗಡಿ ಇಟ್ಟಿರುವ ರಶ್ಮಿ. ಕಬ್ಬಿಣದ ಸ್ಟ್ಯಾಂಡಿಗೆ ನಾಲ್ಕು ಪರದೆ ಹಾಕಿದಳು, ಮೇಲೆ ಎರಡು, ಕೆಳಗೆ ಎರಡು. ಇವು ಕ್ಯಾಮೆರಾದ ಕಂಪ್ಯೂಟರಿಗೆ ಸೇರಿದವು. ಬಲಗಡೆ ಬೇರೆ ಮೇಜಿನ ಮೇಲೆ ಇನ್ನೊಂದು ಕಂಪ್ಯೂಟರ್. ಅದು ಮೇಸ್ತ್ರಿಗಳಿಗೂ ಜೀಪಿನವರಿಗೂ ಮೆಸೇಜು ಕಳಿಸಲು. ಎರಡು ಕಂಪ್ಯೂಟರಿಗೂ ಒಂದೇ ಮೌಸು, ಒಂದೇ ಕೀಬೋರ್ಡು ಸಾಕಾಗುವಂತೆ ಒಂದು ಸಾಫ್ಟ್‌ವೇರ್ ಹಾಕಿದಳು. ಬಾಣದ ಗುರುತನ್ನು ಬಲಕ್ಕೆ ಸರಿಸುತ್ತಾ ಹೋದರೆ ಅದು ಈ ಪರದೆಯ ಅಂಚು ದಾಟಿ ಆ ಕಂಪ್ಯೂಟರಿನ ಪರದೆಯಲ್ಲಿ ಮೇಲೇಳುತ್ತಿತ್ತು. ದೇವರಾಜರು ಮೊದಲ ದಿನ ಅದನ್ನು ಹತ್ತು ಸಲ ಆಚೆಗೂ ಈಚೆಗೂ ದಾಟಿಸಿದರು.

“ಬೇಲಿ ಹಾರೋ ಮೇಕೆ ಇದ್ದಂಗಿದೆ” ಎಂದರು.

ಒಂದೊಂದು ಕ್ಯಾಮೆರಾದ ಚಿತ್ರ ಒಂದೊಂದು ಚೌಕದಲ್ಲಿ ಬರುತ್ತದೆ. ಅದಕ್ಕೆ ವಿಂಡೋ ಅನ್ನುತ್ತಾರಂತೆ. ಎಂಟು ಚೌಕ ಒಂದರ ಮೇಲೊಂದು ಬಿದ್ದು ಗೋಜಲಾಗದ ಹಾಗೆ ಅವುಗಳನ್ನು ಜಾಗದಲ್ಲಿ ಇಡಲು ಇನ್ನೊಂದು ಸಾಫ್ಟ್‌ವೇರ್. ಒಮ್ಮೆ ಜೋಡಿಸಿ ಕಲಿಸಿಟ್ಟರೆ ಸಾಕು, ಎರಡು ಕೀ ಒಟ್ಟಿಗೆ ಒತ್ತಿದ ಕೂಡಲೇ ಎಲ್ಲವೂ ಓಡಿ ಹೋಗಿ ತಂತಮ್ಮ ಜಾಗದಲ್ಲಿ ನಿಲ್ಲುತ್ತವೆ.

ಇದನ್ನು ನೋಡಿದಾಗ ದೇವರಾಜರ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು. “ಮಸ್ಟರ್” ಎಂದರು. ಆಮೇಲೆ ಆ ಎರಡು ಕೀಗೆ ನಮ್ಮಲ್ಲಿ ಅದೇ ಹೆಸರಾಯಿತು.

ಚೌಕಗಳನ್ನು ಅವರು ಗುಡ್ಡ ಇದ್ದ ಹಾಗೇ ಜೋಡಿಸಿದರು. ಗುಡ್ಡದ ದಾರಿಯ ನಾಲ್ಕು ಮೇಲಿನ ಪರದೆಗಳಲ್ಲಿ, ಹೊಳೆ ದಾರಿಯ ನಾಲ್ಕು ಕೆಳಗಿನ ಪರದೆಗಳಲ್ಲಿ. ಎದುರಿಗೆ ನಿಂತರೆ ಇಡೀ ಗುಡ್ಡವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಂತೆ ಕಾಣುತ್ತಿತ್ತು. ಪ್ರತಿ ಚೌಕದ ತಲೆಯ ಮೇಲೆ ಒಂದು ಪಟ್ಟಿ, ಅದರಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಹೆಸರು. ಆ ಪಟ್ಟಿ ತೆಗೆದರೆ ಚಿತ್ರ ಸ್ವಲ್ಪ ದೊಡ್ಡದಾಗುತ್ತದೆ ಎಂದು ಗೊತ್ತಾದಾಗ ತೆಗೆಸಿಬಿಟ್ಟರು.

“ಅಂಕಲ್, ಹೆಸರು ತೆಗೀಬೇಡಿ. ಮುಂದೆ ಯಾವ್ದು ಎಲ್ಲಿದು ಅಂತ ಗೊತ್ತಾಗದೆ ಹೋದ್ರೆ?” ಎಂದಳು ರಶ್ಮಿ.

“ಗೊತ್ತಾಗದೆ ಎಂತ? ಜಾಗವೇ ಹೇಳುತ್ತಲ್ಲ. ಇಪ್ಪತ್ತೇಳು ವರ್ಷ ಜಾಗ ನೋಡೇ ಹಾಜರಿ ಹಾಕಿದ್ದು ನಾನು. ಕೇಳು ಬೇಕಾದ್ರೆ ಗಂಗಕ್ಕನ್ನ.”

ರಶ್ಮಿ ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಆರೂವರೆಗೆ ಬಂದು ಮಸ್ಟರ್ ಒತ್ತುವುದು, ಎಂಟು ಚೌಕ ನೋಡುವುದು, ಬಲಗಡೆ ದಾಟಿ ಒಂದೇ ಬೆರಳಲ್ಲಿ ಮೆಸೇಜು ಬರೆಯುವುದು. ಮೆಸೇಜು ಹೋದ ಮೇಲೂ ಚಿಕ್ಕಯ್ಯ ತಪ್ಪದೆ ಫೋನು ಮಾಡುತ್ತಿದ್ದ. ಅವನಿಗೆ ಅಕ್ಷರದ ಮೇಲೆ ನಂಬಿಕೆ ಕಡಿಮೆ.

“ಯಾವ ದಾರಿ ರೈಟ್ರೇ?”

“ಗುಡ್ಡದ ದಾರಿ, ಚಿಕ್ಕಯ್ಯ.”

“ಹ್ಞಾಂ.”

ಇಷ್ಟೇ. ಬರೀ ಇಷ್ಟು ಮಾತಿನ ಮೇಲೆ ಹತ್ತೊಂಬತ್ತು ಹೆಂಗಸರು ಚೀಲ ಹೊತ್ತು ಹೊರಡುತ್ತಿದ್ದರು. ಸಂಜೆ ಅವರೆಲ್ಲ ಲೈನಿಗೆ ಮುಟ್ಟಿದ ಸುದ್ದಿ ಬಂದ ಮೇಲೆಯೇ ದೇವರಾಜರು ಪೆನ್ನು ಜೇಬಿಗೆ ಹಾಕಿ ಏಳುತ್ತಿದ್ದದ್ದು. ಒಂದು ದಿನ ನನ್ನ ಹತ್ತಿರ, “ಗಂಗಕ್ಕ, ಕೆಂಪಯ್ಯನ್ನ ಕಳಿಸಿದ ಬಾಯಿ ಇದು. ಇದ್ರಿಂದ ಇನ್ನೊಬ್ಬರು ಹೋಗ್ಬಾರ್ದು, ಅಷ್ಟೇ” ಎಂದಿದ್ದರು.

ಈ ಜನವರಿ, ರೋಬಸ್ಟಾ ಕಾಫಿಯ ಕುಯ್ಲು ಜೋರಾಗಿದ್ದ ಸಮಯ. ಅವತ್ತು ಮಂಜು ಎಷ್ಟಿತ್ತೆಂದರೆ ಆಫೀಸಿನ ಬಾಗಿಲಿನಿಂದ ನಲ್ಲಿ ಕಾಣುತ್ತಿರಲಿಲ್ಲ. ಏಳು ಗಂಟೆಗೆ ಕರೆಂಟು ಹೋಯಿತು. ಬ್ಯಾಟರಿ ಒಂದು ನಿಮಿಷ ಕಿರುಚಿ ಅದೂ ಸತ್ತಿತು. ಕಾಲು ಗಂಟೆ ಬಿಟ್ಟು ಕರೆಂಟು ಬಂದಾಗ ಕೆಳಗಿನ ಎರಡು ಪರದೆ ಮೊದಲು ಹೊತ್ತಿಕೊಂಡವು. ಮೇಲಿನವೆರಡು ಸ್ವಲ್ಪ ಹೊತ್ತು ಕಪ್ಪಗೇ ಇದ್ದು ಆಮೇಲೆ ಬಂದವು. ಎಂಟೂ ಚೌಕ ಒಂದೇ ಪರದೆಯ ಮೂಲೆಯಲ್ಲಿ, ರೇಷನ್ ಸೊಸೈಟಿ ಬಾಗಿಲಲ್ಲಿ ಜನ ಮುತ್ತಿದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು.

“ಇವಕ್ಕೆ ಶಿಸ್ತೇ ಇಲ್ಲ” ಎನ್ನುತ್ತಾ ದೇವರಾಜರು ಮಸ್ಟರ್ ಒತ್ತಿದರು. ಚೌಕಗಳು ಓಡಿ ಹೋಗಿ ನಿಂತವು. ನಾಲ್ಕು ಪರದೆಯೂ ತುಂಬಿತು. ಒಂದು ಜಾಗವೂ ಖಾಲಿ ಇರಲಿಲ್ಲ. ಅವರು ತೃಪ್ತಿಯಿಂದ ಕುರ್ಚಿಗೆ ಒರಗಿದರು.

ಆ ಸಾಫ್ಟ್‌ವೇರ್ ಪರದೆಗಳನ್ನು ಲೆಕ್ಕ ಹಾಕುವುದು ಅವು ಎದ್ದ ವರಸೆಯ ಪ್ರಕಾರವಂತೆ. ಮೊದಲು ಎದ್ದದ್ದೇ ಮೊದಲನೆಯದು. ದಿನವೂ ಮೇಲಿನವು ಮೊದಲು ಏಳುತ್ತಿದ್ದವು, ಅವತ್ತು ಕೆಳಗಿನವು ಎದ್ದವು. ಹಾಗಾಗಿ ಗುಡ್ಡದ ದಾರಿ ಕೆಳಗೆ ಬಂದು, ಹೊಳೆ ದಾರಿ ಮೇಲೆ ಹೋಗಿ ನಿಂತಿತ್ತು. ಇದನ್ನು ರಶ್ಮಿ ಹೇಳಿದ್ದು ನಾಲ್ಕು ದಿನದ ನಂತರ. ಅವತ್ತು ಯಾರಿಗೆ ಗೊತ್ತಾಗಬೇಕು? ಎಂಟು ಚೌಕದಲ್ಲೂ ಬರೀ ಬಿಳಿ ಮಂಜು.

ಏಳೂವರೆ ದಾಟಿರಬೇಕು. ಮೇಲಿನ ಪರದೆಯ ಒಂದು ಚೌಕದಲ್ಲಿ ಮಂಜಿನೊಳಗೆ ಏನೋ ಕಪ್ಪಗೆ ಅಲುಗಿತು. ಮೊದಲು ಕಿವಿ, ಆಮೇಲೆ ಬೆನ್ನು. ಒಂಟಿ ಸಲಗ.

ದೇವರಾಜರು ಬಾಣವನ್ನು ಬಲಕ್ಕೆ ದಾಟಿಸಿ ಬರೆದರು: ‘ಗುಡ್ಡದ ದಾರಿಯಲ್ಲಿ ಆನೆ ಇದೆ. ಹೊಳೆ ದಾರಿಯಲ್ಲಿ ಹೋಗಿ.’ ಕಳಿಸಿದರು. ಫೋನು ಬಡಿದುಕೊಂಡಿತು.

“ಮೆಸೇಜು ಬಂತು ರೈಟ್ರೇ. ಆದ್ರೂ ಬಾಯಲ್ಲೊಂದ್ಸಲ ಹೇಳಿ.”

“ಹೊಳೆ ದಾರಿ, ಚಿಕ್ಕಯ್ಯ. ಗುಡ್ಡದ ಕಡೆ ಸಲಗ ನಿಂತಿದೆ.”

“ಹ್ಞಾಂ.”

ನಾನು ಕಾಫಿ ಲೋಟ ಹಿಡಿದು ಒಳಗೆ ಬಂದಾಗ ಮಂಜು ಇನ್ನಷ್ಟು ತೆಳುವಾಗಿತ್ತು. ಆನೆಯ ಹಿಂದೆ ಒಂದು ಮರದ ಬುಡ ಕಂಡಿತು. ಒಂದು ಕೊಂಬೆ ಮುರಿದು, ಮುರಿದ ಕಡೆ ಗಂಟು ಕಟ್ಟಿದ ಅತ್ತಿಮರ. ನನ್ನ ಎರಡು ಮಕ್ಕಳಿಗೂ ಸೀರೆಯಲ್ಲಿ ಜೋಲಿ ಕಟ್ಟಿ ನಾನು ಹಣ್ಣು ಕುಯ್ದದ್ದು ಆ ಮರದ ಕೆಳಗೆ. ಅದು ಇರುವುದು ಹೊಳೆಯ ಹತ್ತಿರ.

“ರೈಟ್ರೇ, ಇದು ಹೊಳೆ ಅತ್ತಿಮರ ಅಲ್ವಾ?”

“ಮೇಲಿನ ಪರದೆ ಅದು ಗಂಗಕ್ಕ. ಗುಡ್ಡದ್ದು.”

“ಹೌದಾ” ಎಂದೆ. ಲೋಟ ಮೇಜಿನ ಮೇಲಿಟ್ಟೆ. ಓದಿದವರು, ಯಂತ್ರ ನೋಡಿಕೊಂಡು ಕೂತವರು. ನನ್ನ ಕಣ್ಣಿಗೂ ಪೊರೆ ಬಂದಿದೆ. ಮರಗಳು ಒಂದರಂತೆ ಇನ್ನೊಂದು ಇರುವುದೂ ಉಂಟು. ಇಷ್ಟೆಲ್ಲ ಯೋಚನೆ ಮಾಡುತ್ತಾ ಸುಮ್ಮನೆ ನಿಂತೆ. ಆ ಹೊತ್ತು ಎಷ್ಟಿದ್ದೀತು? ನಾಲ್ಕೈದು ನಿಮಿಷ. ಲೈನಿನಿಂದ ಹೊಳೆಯ ಇಳಿಜಾರಿಗೆ ಅಷ್ಟು ಹೊತ್ತೇ ಬೇಕಾದದ್ದು.

ಮಂಜು ಪೂರ್ತಿ ಸರಿಯಿತು. ಆನೆಯ ಕಾಲಿನ ಪಕ್ಕ ಮೋರಿಯ ಕಲ್ಲು, ಅದಕ್ಕೆ ಬಳಿದ ಸುಣ್ಣ. ಗುಡ್ಡದ ದಾರಿಯಲ್ಲಿ ಮೋರಿ ಇಲ್ಲ.

ದೇವರಾಜರು ಎದ್ದು ನಿಂತರು. ಕೆಳಗಿನ ಪರದೆ ನೋಡಿದರು, ಮೇಲಿನದನ್ನು ನೋಡಿದರು. ಫೋನು ತೆಗೆದು ಚಿಕ್ಕಯ್ಯನಿಗೆ ಹಚ್ಚಿದರು. ಹೊಳೆಯ ಗುಂಡಿಯಲ್ಲಿ ಮನುಷ್ಯರ ಫೋನಿಗೆ ಟವರ್ ಇಲ್ಲ. ಕ್ಯಾಮೆರಾಕ್ಕೆ ಮಾತ್ರ ಆಫೀಸಿನವರೆಗೂ ವೈರು ಎಳೆದಿದ್ದಾರೆ. ಎರಡನೇ ಸಲ ಹಚ್ಚಿದರು, ಮೂರನೇ ಸಲವೂ. ಚಂದ್ರಶೇಖರಪ್ಪನವರಿಗೆ ಹಚ್ಚಿ, “ಸಾರ್, ಹೊಳೆ ದಾರಿಗೆ ಜೀಪು ಬಿಡಿ, ಹಾರನ್ ಹೊಡೀತಾ ಹೋಗ್ಲಿ” ಎಂದರು. ಬಂಗಲೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಹತ್ತಿರದ ತೋಟದ ಜೀಪಿನವರಿಗಾದರೂ ಮೆಸೇಜು ಕಳಿಸೋಣ ಎಂದು ಮೌಸು ಹಿಡಿದರೆ, ಕರೆಂಟು ಮತ್ತೊಮ್ಮೆ ಮಿಣುಕಿ ಮೆಸೇಜಿನ ಕಂಪ್ಯೂಟರ್ ಆರಿ ಹೊತ್ತಿಕೊಂಡಿತ್ತು. ಎರಡರ ನಡುವಿನ ಸಂಬಂಧ ಕಡಿದು ಹೋಗಿತ್ತು. ಬಾಣ ಅಂಚಿನವರೆಗೆ ಬಂದು ನಿಂತುಬಿಟ್ಟಿತು. ಅವರು ಮೌಸನ್ನು ಮೇಜಿನ ತುದಿಯವರೆಗೆ ಉಜ್ಜಿದರು, ಎತ್ತಿ ಮತ್ತೆ ಉಜ್ಜಿದರು. ಅದು ದಾಟಲಿಲ್ಲ.

ಆಗ ಚೌಕದೊಳಕ್ಕೆ ಚಿಕ್ಕಯ್ಯ ಬಂದ. ತಲೆಗೆ ಕೆಂಪು ಟವೆಲು. ಅವನ ಹಿಂದೆ ಒಬ್ಬೊಬ್ಬರೇ ಹೆಂಗಸರು, ತಲೆ ಮೇಲೆ ಮಡಿಸಿದ ಚೀಲ, ಸೊಂಟಕ್ಕೆ ಕಟ್ಟಿದ ಬುತ್ತಿ. ಒಬ್ಬಳು ಹಿಂದಕ್ಕೆ ತಿರುಗಿ ಏನೋ ಹೇಳಿ ನಗುತ್ತಿದ್ದಳು. ಆ ಯಂತ್ರದಲ್ಲಿ ಶಬ್ದ ಬರುವುದಿಲ್ಲ. ಆನೆ ತಿರುವಿನ ಈಚೆ ಅತ್ತಿಮರಕ್ಕೆ ಮೈ ಉಜ್ಜುತ್ತಾ ನಿಂತಿತ್ತು. ಅವರು ತಿರುವಿನ ಆಚೆ. ಆನೆ ಇರುವುದು ಅವರಿಗೆ, ಅವರಿರುವುದು ಆನೆಗೆ ಗೊತ್ತಿಲ್ಲ. ಗೊತ್ತಿದ್ದದ್ದು ಮೂರು ಮೈಲಿ ದೂರದ ನಮಗಿಬ್ಬರಿಗೆ.

“ನಿಲ್ಲೋ ಚಿಕ್ಕಯ್ಯ” ಎಂದರು ದೇವರಾಜರು, ಪಕ್ಕದಲ್ಲಿರುವವನಿಗೆ ಹೇಳುವಂತೆ ಮೆಲ್ಲಗೆ.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಬಾಣದ ಗುರುತನ್ನು ತಂದು ಆನೆಗೂ ಚಿಕ್ಕಯ್ಯನಿಗೂ ನಡುವೆ ನಿಲ್ಲಿಸಿದರು. ಅವನು ಒಂದು ಹೆಜ್ಜೆ ಮುಂದೆ ಬಂದರೆ ಬಾಣವನ್ನೂ ಅಷ್ಟು ಸರಿಸಿ ಅಡ್ಡ ಹಿಡಿದರು. ಅದೂ ಆಗದೆ ಆ ಚೌಕವನ್ನೇ ಹಿಡಿದು ಕೆಳಗಿನ ಪರದೆಗೆ, ಅದರ ಜಾಗಕ್ಕೆ ಎಳೆದು ಕೂರಿಸಿದರು. ಕೆಳಗೆ ಕೂತ ಚೌಕದಲ್ಲೂ ಚಿಕ್ಕಯ್ಯ ನಡೆಯುತ್ತಲೇ ಇದ್ದ.

ತಿರುವು ದಾಟಿದ. ಆನೆ ತಲೆ ಎತ್ತಿತು. ಚಿಕ್ಕಯ್ಯ ಎರಡೂ ಕೈ ಅಗಲ ಮಾಡಿ ಹೆಂಗಸರನ್ನು ಬೆನ್ನಿನಿಂದ ಹಿಂದಕ್ಕೆ ನೂಕಿದ್ದು ಕಂಡಿತು. ಚೀಲಗಳು ದಾರಿಯಲ್ಲಿ ಬಿದ್ದವು. ಹೆಂಗಸರು ಗಿಡದೊಳಗೆ ನುಗ್ಗಿ ಕಾಣದಾದರು. ಅವನು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಚರಂಡಿಯಲ್ಲಿ ಬಿದ್ದ. ಆನೆ ಚರಂಡಿಯ ಮೇಲೆ ಹಾದು, ಒಂದು ಚೀಲವನ್ನು ಸೊಂಡಿಲಲ್ಲಿ ಎತ್ತಿ ಎಸೆದು, ಹೊಳೆಗೆ ಇಳಿದು ಹೋಯಿತು. ಆಮೇಲೆ ಚೌಕದಲ್ಲಿ ದಾರಿ, ಮೋರಿ, ಅತ್ತಿಮರ, ಬಿದ್ದ ಬುತ್ತಿ. ದೇವರಾಜರು ಆ ಖಾಲಿ ಜಾಗವನ್ನು ಜೀಪು ಬಂದು ನಿಲ್ಲುವವರೆಗೂ ನೋಡುತ್ತಿದ್ದರು. ಕಾಫಿ ಮೇಲೆ ಕೆನೆ ಕಟ್ಟಿತ್ತು.

ಹೆಂಗಸರಿಗೆ ತರಚು ಗಾಯ. ಚಿಕ್ಕಯ್ಯನ ಜೀವ ಉಳಿಯಿತು. ಮಂಗಳೂರಿಗೆ ಸೇರಿಸಿದರು, ಎಡಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ರಶ್ಮಿ ಬಂದಳು. ಪ್ರತಿ ಚೌಕದ ಮೇಲೂ ಕನ್ನಡದಲ್ಲಿ ದಪ್ಪ ಅಕ್ಷರದ ಹೆಸರು ಹಾಕಿದಳು. ಪರದೆಗಳು ಯಾವ ವರಸೆಯಲ್ಲಿ ಎದ್ದರೂ ತಪ್ಪಾಗದ ಹಾಗೆ ಮಾಡಿದ್ದೇನೆ ಎಂದಳು. ದೇವರಾಜರು ಎಲ್ಲಕ್ಕೂ ತಲೆಯಾಡಿಸಿದರು. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, “ಅಂಕಲ್, ನಾನು ಅವತ್ತು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು” ಎಂದಳು.

“ಗಂಗಕ್ಕನೂ ಹೇಳಿದ್ರು” ಎಂದರು ಅವರು.

ಕೆಲಸ ಬಿಡುತ್ತೇನೆ ಎಂದು ಚಂದ್ರಶೇಖರಪ್ಪನವರ ಹತ್ತಿರ ಹೋದರು. “ಬಿಟ್ಟು ಯಾರನ್ನ ಕೂರಿಸ್ಲಿ? ಗುಡ್ಡ ಗೊತ್ತಿರೋನು ತಪ್ಪಿದ. ಗೊತ್ತಿಲ್ಲದೋನನ್ನ ಕೂರಿಸಿದ್ರೆ ಎಂತಾಗುತ್ತೆ?” ಎಂದರಂತೆ ಅವರು. ಇವರು ಹಿಂತಿರುಗಿ ಬಂದು ಆನೆ ರೂಮಿನ ಕುರ್ಚಿಯಲ್ಲಿ ಕೂತರು.

ಚಿಕ್ಕಯ್ಯ ಲೈನಿಗೆ ಬಂದ ದಿನ ಇಬ್ಬರೂ ನೋಡಲು ಹೋದೆವು. ಅಣ್ಣ ಸತ್ತಾಗ ಕೂತಿದ್ದ ಹೊಸ್ತಿಲ ಮೇಲೆಯೇ ಕೂತಿದ್ದ. ಬೈಯುತ್ತಾನೆ ಎಂದುಕೊಂಡೇ ದೇವರಾಜರು ಹೋಗಿದ್ದರು. ಬೈದರೆ ಒಳ್ಳೆಯದು ಎಂದೂ ಇತ್ತೇನೋ.

“ಬನ್ನಿ ರೈಟ್ರೇ. ಗಂಗಕ್ಕ, ಬಾ ಕೂತ್ಕೋ.”

ನಾವು ಅವನ ಪಕ್ಕದ ಜಗಲಿಯ ಮೇಲೆ ಕೂತೆವು.

“ನೀವು ಹೇಳಿದ ದಾರೀಲೇ ಹೋದ್ವಿ ರೈಟ್ರೇ” ಎಂದ ಚಿಕ್ಕಯ್ಯ, ಇವರಿಗೆ ಏನಾದರೂ ಅನುಮಾನ ಇದ್ದೀತು ಎಂಬಂತೆ. “ಬೇರೆ ದಾರಿ ಹಿಡೀಲಿಲ್ಲ.”

“ಗೊತ್ತು.”

“ಈಗ ಗ್ಯಾಂಗಿಗೆ ನನ್ನ ಮಗಳನ್ನ ಮೇಸ್ತ್ರಿ ಮಾಡಿದಾರೆ. ಅವಳಿಗೂ ಹೇಳಿದೀನಿ, ರೈಟ್ರು ಹೇಳೋ ತನಕ ಲೈನ್ ಬಿಡ್ಬೇಡ ಅಂತ.”

ದೇವರಾಜರು ಜೇಬಿನ ಪೆನ್ನು ತೆಗೆದು, ನೋಡಿ, ಮತ್ತೆ ಜೇಬಿಗೇ ಹಾಕಿದರು. ವಾಪಸು ಹೊರಟೆವು. ಗೇಟು ದಾಟಿದ ಮೇಲೆ ಹಿಂದಕ್ಕೆ ಹೋಗಿ, ಮುಚ್ಚಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದರು.

ಈಗಲೂ ಆರೂವರೆಗೆ ಬರುತ್ತಾರೆ. ಮಸ್ಟರ್ ಒತ್ತುತ್ತಾರೆ. ಹೆಸರು ಓದುತ್ತಾರೆ, ಓದಿದ್ದನ್ನು ನಂಬುವುದಿಲ್ಲ. ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಒಂದೊಂದು ಚೌಕದ ಮೇಲೂ ಬೆರಳಿಟ್ಟು ಕೇಳುತ್ತಾರೆ.

“ಇದು ಯಾವ ಮರ ಗಂಗಕ್ಕ?”

ಕಂಡರೆ ಹೇಳುತ್ತೇನೆ. ಮಂಜು ಇದ್ದ ದಿನ ನನಗೂ ಏನೂ ಕಾಣುವುದಿಲ್ಲ. ಆಗ ಇಬ್ಬರೂ ನಾಲ್ಕು ಬಿಳಿ ಪರದೆಯ ಮುಂದೆ ಸುಮ್ಮನೆ ಕೂರುತ್ತೇವೆ. ಅತ್ತ ಲೈನಿನ ಅಂಗಳದಲ್ಲಿ ಹೆಂಗಸರು ಚೀಲ ಮಡಿಸಿಕೊಂಡು ನಿಂತಿರುತ್ತಾರೆ. ಎಂಟು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ.

“ಯಾವ ದಾರಿ ರೈಟ್ರೇ?” ಎಂದು ಚಿಕ್ಕಯ್ಯನ ಮಗಳು ಕೇಳುತ್ತಾಳೆ.

“ತಡಿ ಮಗಾ” ಎನ್ನುತ್ತಾರೆ ದೇವರಾಜರು. “ತಡಿ. ಇನ್ನೂ ಕಾಣ್ತಿಲ್ಲ.”